ಮೂವತ್ತರ ತನಕ

ನಮ್ಮಲ್ಲಿ ಅವಳಿಗಳಿಗೆ ಹೆಸರು ಹುಡುಕುವ ಕೆಲಸವಿಲ್ಲ.
ಮೊದಲು ಬಂದವನು ಒಪಿಯೊ, ಅವಸರದವನು.
ಆಮೇಲೆ ಬಂದವನು ಒಡೊಂಗೊ, ಹಿಂದೆ ಉಳಿದವನು.
ಎಷ್ಟು ಹೊತ್ತು ಉಳಿದನೆಂದರೆ
ಹೋಮಾಬೇ ಆಸ್ಪತ್ರೆಯ ದಾದಿ
ಗಡಿಯಾರ ನೋಡುವುದು ಬಿಟ್ಟು
ನನ್ನ ಮುಖ ನೋಡತೊಡಗಿದಳು.

ಅದಾಗಿ ಆರು ವರ್ಷ. ಈಗ ಪ್ರತಿ ಮಂಗಳವಾರ
ಬಾಡಿಗೆ ಬೈಕಿನ ಹಿಂದೆ ಕೂತು ನೆಕೆಸಾ ಬರುತ್ತಾಳೆ,
ಹೆಲ್ಮೆಟ್ ತೆಗೆಯುವ ಮೊದಲೇ ಕೇಳುತ್ತಾಳೆ:
ಹಿಮ್ಮಡಿ?
ಹಿಮ್ಮಡಿ ಇನ್ನೂ ನೆಲ ಮುಟ್ಟಿಲ್ಲ.
ಅವನ ಪಾದ ಸದಾ ತುದಿಗಾಲಲ್ಲಿ,
ಬೇಲಿಯಾಚೆ ಏನೋ ಜಗಳ ನಡೆದಿದೆ
ಇಣುಕಲೇಬೇಕು ಎಂಬಂತೆ.

ಮೊಣಕಾಲ ಮೇಲೊಂದು ಕೈ, ಹಿಮ್ಮಡಿಗೆ ಇನ್ನೊಂದು.
ಒತ್ತು. ಜಗ್ಗಬೇಡ. ಕಾಯಿ.
ದಿನಕ್ಕೆ ನಾಲ್ಕು ಬುಟ್ಟಿ ಮೀನು ಒಣಗಿಸುವ ಕೈಗೆ
ಈ ಒಂದು ಮೀನಖಂಡ ಮಾತ್ರ
ಬಲೆಯೊಳಗೇ ಸೆಟೆದುಕೊಳ್ಳುತ್ತದೆ.
ಮೂವತ್ತರ ತನಕ ಬಿಡಬೇಡ, ಅನ್ನುತ್ತಾಳೆ.
ಅಚಿಯೆಲ್, ಅರಿಯೊ, ಅದೆಕ್…
ಹನ್ನೆರಡಕ್ಕೆ ಅವನು ಅಳುತ್ತಾನೆ.
ಹದಿನೆಂಟರಿಂದ ನಾನು ಇಪ್ಪತ್ತಮೂರಕ್ಕೆ ಹಾರುತ್ತೇನೆ.
ನೆಕೆಸಾಗೆ ಗೊತ್ತಾಗುತ್ತದೆ. ಬೈಯುವುದಿಲ್ಲ.
ಮತ್ತೆ ಹತ್ತೊಂಬತ್ತು, ಅನ್ನುತ್ತಾಳೆ.

ಒಂದು ವರ್ಷ ಅತ್ತೆ ಅವನನ್ನು
ಕೆರೆದಂಡೆಯಲ್ಲಿ ಸೊಂಟದ ತನಕ ಹೂತು ನಿಲ್ಲಿಸುತ್ತಿದ್ದಳು.
ಅದನ್ನು ಹೇಳಲು ನನಗೆ ನಾಚಿಕೆಯಾಯಿತು.
ನೆಕೆಸಾ ಅಂದಳು:
ನಿಲ್ಲಿಸಲು ನಿಮ್ಮಲ್ಲಿ ಆಗ ಇದ್ದದ್ದು ಮರಳೊಂದೇ ಅಲ್ಲವೆ.

ಮಳೆ ನಿಂತ ಮೇಲೆ ರದ್ದಿ ಪತ್ರಿಕೆ ತರಿಸಿದಳು.
ಹಿಟ್ಟಿನ ಅಂಟು ಕುದಿಸಿ ಪದರದ ಮೇಲೆ ಪದರ ಹಚ್ಚಿದೆವು:
ಎರಡು ಚುನಾವಣೆ, ಸಕ್ಕರೆಯ ಬೆಲೆ,
ಸೋತ ಫುಟ್‌ಬಾಲ್ ಪಂದ್ಯ,
ಪುಟಗಟ್ಟಲೆ ನಗುತ್ತಿರುವ ಸತ್ತವರು.
ತಗಡಿನ ಮೇಲೆ ಒಣಗಿಸಿದಾಗ
ಆಡು ಒಂದು ಮೂಲೆ ತಿಂದಿತು.
ಅಲ್ಲಿಗೆ ಒಪಿಯೊನ ಲೆಕ್ಕದ ಪುಸ್ತಕ ಹರಿದು ಅಂಟಿಸಿದೆ,
ಕೆಂಪು ಗೀಟುಗಳ ಸಮೇತ.
ಹೀಗೆ ಒಂದು ನಿಲುಗಟ್ಟು ತಯಾರಾಯಿತು:
ಎದೆಗೊಂದು ಪಟ್ಟಿ, ಮುಂದೊಂದು ಹಲಗೆ,
ಕಾಗದ ಅಂದರೆ ಯಾರೂ ನಂಬದಷ್ಟು ಗಟ್ಟಿ.

ನಿನ್ನೆ ರಾತ್ರಿ ಅದರೊಳಗೆ ಒಡೊಂಗೊ,
ಪಕ್ಕದ ಮೇಜಿನಲ್ಲಿ ಊಟಕ್ಕೆ ಒಪಿಯೊ.
ಹುಟ್ಟಿದ ಮೇಲೆ ಮೊದಲ ಸಲ
ಇಬ್ಬರ ಮೂಗು ಒಂದೇ ಎತ್ತರ.
ಒಡೊಂಗೊನ ಕೈ ಹೊರಟಿತು ತಮ್ಮನಲ್ಲ, ಅಣ್ಣನ ತಟ್ಟೆಯ ಕಡೆಗೆ
(ಯಾರು ಅಣ್ಣ ಎಂಬುದು ನನಗೇ ಒಮ್ಮೊಮ್ಮೆ ಮರೆಯುತ್ತದೆ).
ದಾರಿಯಲ್ಲಿ ಲೋಟ ಬಿತ್ತು. ಮೊಣಕೈ ತಿರುಚಿತು.
ಮುಷ್ಟಿ ಬಿಚ್ಚಲು ಇನ್ನಷ್ಟು ಹೊತ್ತು.
ತಟ್ಟೆ ಎಳೆದುಕೊಳ್ಳಲು ಅವಸರದವನಿಗೆ
ಬೇಕಾದಷ್ಟು ಸಮಯವಿತ್ತು.
ಎಳೆದುಕೊಳ್ಳಲಿಲ್ಲ.
ಬೆರಳುದ್ದದ ಒಂದು ಮೀನು ಬಾಯಿಗೆ ಹೋದ ಮೇಲಷ್ಟೇ
ಊರೆಲ್ಲ ಕೇಳುವಂತೆ ಕೂಗಿದ:
ಅಮ್ಮಾ, ಕದ್ದ!

ನಾನು ಒಲೆಯ ಮುಂದೆ ಸುಮ್ಮನೆ ಎಣಿಸುತ್ತಿದ್ದೆ,
ಮೂವತ್ತು ಎಂದೋ ದಾಟಿತ್ತು.
ಹಿಮ್ಮಡಿ ನೆಲ ಮುಟ್ಟಿತ್ತೋ ಇಲ್ಲವೋ
ನೋಡಲೇ ಇಲ್ಲ.
ಮಂಗಳವಾರ ನೆಕೆಸಾ ಕೇಳುತ್ತಾಳೆ.