ಇನ್ನೂರ ಹನ್ನೆರಡು ಸಾಲು

ನಾನು ಬರೆದದ್ದು ಇನ್ನೂರ ಹನ್ನೆರಡೇ ಸಾಲು.
ಅದಕ್ಕೆ ಗೊತ್ತಿರುವುದು ಒಂದೇ ಕೆಲಸ:
ಫೋಲ್ಡರಿನ ಬಾಗಿಲು ತಟ್ಟು,
ಒಳಗಿರುವವರ ಹೆಸರು ಕೂಗು,
ಒಳಗೂ ಒಂದು ಬಾಗಿಲು ಕಂಡರೆ
ಇದೇ ಮಾತನ್ನು ಅಲ್ಲಿ ಮೊದಲಿಂದ ಹೇಳು.
ಖಾಲಿ ಕೋಣೆ ಸಿಕ್ಕರೆ ಬೇಸರ ಬೇಡ,
ಹಿಂದಿರುಗುವುದು ಅಲ್ಲಿಂದಲೇ ಶುರು.

ಪುಂತಾ ಅರೇನಾಸಿನಲ್ಲಿ ಗಾಳಿ ಎದ್ದ ದಿನ
ಚೌಕದ ಮೂಲೆಮೂಲೆಗೆ ಹಗ್ಗ ಬಿಗಿಯುತ್ತಾರೆ.
ಹಿಡಿದೇ ನಡೆಯಬೇಕು,
ಶಾಲೆಯ ಮಕ್ಕಳೂ, ಬ್ಯಾಂಕಿನ ಮ್ಯಾನೇಜರೂ.
ಅಂಥದೇ ದಿನ ನಿಬಾಲ್ದೊ ಬಂದ,
ಉಣ್ಣೆಯ ಕಾಲುಚೀಲದೊಳಗೆ ಹಾರ್ಡ್ ಡಿಸ್ಕ್ ತುರುಕಿಕೊಂಡು.
ಮೂವತ್ತು ವರ್ಷ ಜಲಸಂಧಿಯಲ್ಲಿ ದೋಣಿ ನಡೆಸಿದವ,
ನೀರಿಗೆ ಮೈಕು ಇಳಿಬಿಟ್ಟು
ತಿಮಿಂಗಿಲಗಳ ಮಾತು ಕದ್ದು ಕೇಳಿದವ.
"ಇಸೋಲ್ದಾ, ಇದರಲ್ಲಿ ಏನೇನಿದೆಯೋ ನನಗೇ ಮರೆತಿದೆ.
ನಿನ್ನದಕ್ಕೆ ಹೇಳು, ಒಂದು ಪಟ್ಟಿ ಮಾಡಲಿ."

ಬಿಟ್ಟೆ.
ಹೆಸರುಗಳು ಇರುವೆ ಸಾಲಿನ ಹಾಗೆ ಇಳಿದವು.
ಚಳಿಗಾಲ, ಅದರೊಳಗೆ ಕೊಲ್ಲಿ,
ಕೊಲ್ಲಿಯೊಳಗೆ ತಾಯಿ-ಮರಿ,
ತಾಯಿ-ಮರಿಯೊಳಗೆ ಎರಡನೇ ರಾತ್ರಿ, ಅದರೊಳಗೆ ವಾಪಸು,
ವಾಪಸಿನೊಳಗೆ ಚಳಿಗಾಲ, ಅದರೊಳಗೆ ಕೊಲ್ಲಿ,
ಕೊಲ್ಲಿಯೊಳಗೆ ತಾಯಿ-ಮರಿ...
ಮಾತೆ ಎರಡು ಸಲ ಕುದಿಯಿತು, ಎರಡು ಸಲ ಆರಿತು.
ಪಟ್ಟಿ ನಿಲ್ಲಲಿಲ್ಲ.
ಕಂಪ್ಯೂಟರಿನ ಫ್ಯಾನು ಹೊರಗಿನ ಗಾಳಿಯ ಜೊತೆ
ಪೈಪೋಟಿಗೆ ಬಿದ್ದಂತೆ ಕೂಗತೊಡಗಿತು.
ಕೊನೆಗೆ ನಾನೇ ಕತ್ತು ಹಿಸುಕಿದೆ.

"ಈ ವಾಪಸು ಏನು ಮಹರಾಯ?"
"ಕೊಂಡಿ. ಒತ್ತಿದರೆ ಮೊದಲ ಫೋಲ್ಡರಿಗೇ ಬರುತ್ತೆ.
ಪ್ರತಿಯೊಂದರಲ್ಲೂ ಒಂದೊಂದು ಇಟ್ಟಿದ್ದೇನೆ.
ಹೊರಗೆ ಬರುವ ದಾರಿ ನೋಡಿಕೊಳ್ಳದೆ
ಕೊಲ್ಲಿಯೊಳಕ್ಕೆ ದೋಣಿ ತಿರುಗಿಸುತ್ತಾರೇನೇ?"

ನಗು ಬಂತು, ಸಿಟ್ಟೂ ಬಂತು.
ಅವನಿಗೆ ಅದು ಹೊರಬಾಗಿಲು,
ನನ್ನ ಪೆದ್ದುಗೂಸಿಗೆ ಮತ್ತೊಂದು ಒಳಮನೆ.
ಮನೆಗೇ ಹೊಕ್ಕು ಮನೆಯನ್ನೇ ಹುಡುಕುತ್ತಿತ್ತು ಪಾಪ,
ಹೋದಲ್ಲೆಲ್ಲ ಹೊಸಬನ ಹಾಗೆ ಕೈಮುಗಿಯುತ್ತ.
ಬುದ್ಧಿ ಕಡಿಮೆಯಲ್ಲ ಅದಕ್ಕೆ, ನೆನಪಿಲ್ಲ.
ಕೊಡಲು ನಾನು ಮರೆತಿದ್ದೆ.

ಒಂಬತ್ತು ಸಾಲು ಸೇರಿಸಿದೆ.
ಹೊಕ್ಕ ಕೋಣೆಯ ಸಂಖ್ಯೆ ಬರೆದುಕೋ.
ಹೊಸ ಹೊಸ್ತಿಲು ತುಳಿಯುವ ಮೊದಲು ಬರೆದದ್ದನ್ನು ನೋಡು.
ಇದ್ದರೆ, ಒಳಗೆ ಹೋಗಬೇಡ.

ಈ ಸಲ ಮುಗಿಯಿತು.
ನಲವತ್ತೊಂದು ಸಾವಿರದ ಮುನ್ನೂರ ಆರು ಕಡತ,
ಚುಕ್ಕಿ ಹಚ್ಚಿಕೊಂಡು ಮುಖ ಮರೆಸಿದವರೂ ಸೇರಿ.
ದೋಣಿಯ ಇಂಜಿನ್ ಕೆಮ್ಮಿದ್ದು, ಮಳೆ,
ಯಾರೋ ಸೀನಿದ್ದು,
ಹೆಣ್ಣು ತಿಮಿಂಗಿಲವೊಂದು ಹನ್ನೊಂದು ನಿಮಿಷ.
ಪಟ್ಟಿಯ ತೀರ ಕೆಳಗೆ ಒಂದೇ ಒಂದು ಫೋಲ್ಡರು:
ಎಲ್ಸೀರಾ. ಎದುರಿಗೆ: ಅನುಮತಿ ಇಲ್ಲ.

ಬೀಗದ ಮುಂದೆ ಜಗಳ ತೆಗೆಯಬೇಡ,
ಹೆಸರು ಬರೆದುಕೊಂಡು ಮುಂದೆ ನಡೆ
ಎಂದು ಅದಕ್ಕೆ ಮೊದಲೇ ಕಲಿಸಿದ್ದೆ.
ನಾನೂ ಕೇಳಲಿಲ್ಲ.
ನಿಬಾಲ್ದೊ ಟೋಪಿ ತೆಗೆದ, ಒಳಗೆ ಇಣುಕಿದ, ಮತ್ತೆ ಹಾಕಿಕೊಂಡ.
"ಪಾಸ್‌ವರ್ಡ್ ಬೇಕಾದರೆ..." ಎಂದು ಶುರು ಮಾಡಿ
"ಮಾತೆ ಆರಿಹೋಯಿತಲ್ಲ" ಎಂದು ಮುಗಿಸಿದ.

ಈಗ ಇನ್ನೂರ ಇಪ್ಪತ್ತೊಂದು ಸಾಲು.
ಹೊಸ ಸಾಲುಗಳ ನೆತ್ತಿಗೆ ಟಿಪ್ಪಣಿ ಬರೆಯಬೇಕು,
ಸುತ್ತು ತಪ್ಪಿಸಲು, ಎಂದು ಬರೆದು ಅಳಿಸಿದೆ.
ನಿಬಾಲ್ದೊನ ಬಾಗಿಲು, ಎಂದು ಬರೆದು ಉಳಿಸಿದೆ.
ಕಿಟಕಿಯಾಚೆ ಅವನು,
ಕಂಕುಳಲ್ಲಿ ಕಾಲುಚೀಲ,
ಹಗ್ಗ ಹಿಡಿದು ಒಂದು ಮೂಲೆ, ಇನ್ನೊಂದು ಮೂಲೆ.
ಹಗ್ಗ ಮುಗಿದಲ್ಲಿ ತುಸು ನಿಂತ,
ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು
ಗಾಳಿಯೊಳಕ್ಕೆ ಇಳಿದ.