ಹಕ್ಕು ಸಮೇತ

ಗೋಣಿಕೊಪ್ಪದ ಕಾಫಿ ಕ್ಯೂರಿಂಗ್ ವರ್ಕ್ಸ್, ಶನಿವಾರ ರಾತ್ರಿ.
ಹಳೇ ಸರ್ವರಿನಿಂದ ಹೊಸದಕ್ಕೆ ಹದಿನಾರು ವರ್ಷ ಬಂದಿಳಿದವು:
ತೂಕದ ಚೀಟಿ, ತೇವದ ಲೆಕ್ಕ,
ಚೆರ್ರಿ ಇಷ್ಟು, ಪಾರ್ಚ್‌ಮೆಂಟ್ ಇಷ್ಟು.
ಒಂದು ಫೈಲೂ ಕಾಣೆಯಾಗಿಲ್ಲ.
ಫ್ಲಾಸ್ಕಿನಲ್ಲಿ ಉಳಿದದ್ದನ್ನು ಬಗ್ಗಿಸಿಕೊಂಡು ಕುಡಿದೆ.

ಆಮೇಲೆ, ಸುಮ್ಮನೆ,
ಗೇಟ್ ಪಾಸ್ ಬರೆಯುವ ಹಂಸನ ಹೆಸರಲ್ಲಿ ಒಳಹೊಕ್ಕರೆ
ಮ್ಯಾನೇಜರ ಸಂಬಳ ಬಾಯಿ ತೆರೆದು ಕೂತಿದೆ.
ಸಾಮಾನು ಬಂದಿದೆ, ಬಾಗಿಲು ಬಂದಿಲ್ಲ.

ಅಳಿಸಿದೆ. ಮತ್ತೆ ಮೊದಲಿಂದ,
ಈ ಸಲ ಹಕ್ಕು ಸಮೇತ:
ಯಾರು ಓದಬಹುದು, ಯಾರು ತಿದ್ದಬಹುದು,
ಯಾರಿಗೆ ಹೊಸ್ತಿಲಾಚೆಯೇ ಸಾಕು.
ಜಮ್ಮಾ ಭೂಮಿಯ ಹಾಗೆ, ಮೇಲಿನದು ಕೆಳಕ್ಕಿಳಿಯುತ್ತದೆ
ನಡುವೆ ಯಾರೋ ಬೇಲಿ ಹಾಕಿರದಿದ್ದರೆ.
ಹಾಕಿದ್ದಾರೆ. ಎಷ್ಟು ಕಡೆ!

ಮೂರು ಗಂಟೆಗೆ ಕರೆಂಟು ಹೋಗಿ ಬಂತು.
ಪಟ್ಟಿಯ ಕೊನೆಗೆ ಒಬ್ಬರಿಗೆ ಹೆಸರೇ ಇಲ್ಲ,
ಎಸ್, ಅಡ್ಡಗೀಟು, ಉದ್ದಕ್ಕೆ ಅಂಕಿ.
'ತೂಕ ೨೦೧೧'ರಲ್ಲಿ ತಿದ್ದುವ ಹಕ್ಕು.
ಹಳೇ ರಿಜಿಸ್ಟರು ತಿರುವಿದೆ: ಚೋಂದಮ್ಮ.
ಮುಳ್ಳು ನಡುಗಿದರೆ ಅರ್ಧ ಕಿಲೋ
ಬೆಳೆಗಾರನ ಕಡೆಗೇ ಬಿಡುತ್ತಿದ್ದವಳು,
ಎರಡು ಮಳೆಗಾಲದ ಹಿಂದೆ ತೀರಿಕೊಂಡವಳು.
ಖಾತೆ ತೆಗೆದವನು ನಾನೇ.

ತೆಗೆಯಲೇ, ಕೇಳುತ್ತಿದೆ ಪರದೆ.
ನಿಯಮವೂ ಅದೇ.
ಸೋಮವಾರ ನೋಡೋಣ.
ಇವತ್ತು ಎಲ್ಲರ ಜೊತೆ ಅವಳೂ ದಾಟಲಿ,
ಅಂಕಿಯಾಗಿಯೇ.