ಯಾರೋ-೩

ಹನ್ನೊಂದು ವರ್ಷದ ಹಿಂದೆ, ಬಣ್ಣ ಹೊಡೆಸಲೆಂದು
ಕಾರಿನ ನರಗಳನ್ನೆಲ್ಲ ಎಳೆದು ತೆಗೆದಾಗ
ಡೆಸ್ಮಂಡ್ ಪ್ರತಿ ತುದಿಗೂ ಚೀಟಿ ಅಂಟಿಸಿದ್ದನಂತೆ.
ಆ ನಂಬಿಕೆ ಇನ್ನೂ ಗಟ್ಟಿಯಾಗಿದೆ.
ಅಂಟು ಸತ್ತಿದೆ.
ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಉದುರಿದ ಚೀಟಿಗಳು:
'ವೈಪರ್', 'ಪೆಟ್ರೋಲ್ ಮುಳ್ಳು', 'ಇದಲ್ಲ, ಅದು'.

ಡಾಂಕಸ್ಟರಿನ ಬಾಲ್ಬಿಯಲ್ಲಿ ಬಾಡಿಗೆ ಗ್ಯಾರೇಜು. ಫೆಬ್ರವರಿ.
ಸೀಮೆಎಣ್ಣೆ ಹೀಟರು ನಮ್ಮಿಬ್ಬರಿಗಿಂತ ಜಾಸ್ತಿ ಕೆಮ್ಮುತ್ತದೆ.
ನೆಲಕ್ಕೆ ಹಳೇ ಬೆಡ್‌ಶೀಟು, ಅದರ ಮೇಲೆ ಉದ್ದಕ್ಕೆ
ಐವತ್ತೊಂಬತ್ತರ ಹಿಲ್ಮನ್ ಮಿಂಕ್ಸಿನ ತಂತಿಜಡೆ,
ಹತ್ತಿನೂಲಿನ ಹೊದಿಕೆ, ಅಲ್ಲಲ್ಲಿ ಇಲಿ ಓದಿದ ಗುರುತು.

ನನ್ನನ್ನು ಕರೆದದ್ದು ಸ್ನೇಹಕ್ಕಲ್ಲ, ಕಣ್ಣಿಗೆ.
ಡೆಸ್ಮಂಡ್‌ಗೆ ಕೆಂಪೂ ಹಸಿರೂ ಒಂದೇ ಕೆಸರು.
ನಲವತ್ತು ವರ್ಷ ರೈಲು ಡಬ್ಬಿ ಕಟ್ಟಿದವನು,
ಸಿಗ್ನಲ್ ಹತ್ತಿರ ಮಾತ್ರ ಬಿಟ್ಟುಕೊಳ್ಳಲಿಲ್ಲ ಎಂದು ನಗುತ್ತಾನೆ.
ನಾನೋ, ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ
ಜನರ ಎದೆಗೆ ಇಸಿಜಿ ತಂತಿ ಅಂಟಿಸಿದವಳು.
ಬಲಗೈಗೆ ಕೆಂಪು, ಎಡಗೈಗೆ ಹಳದಿ,
ಎಡಗಾಲಿಗೆ ಹಸಿರು, ಉಳಿದ ಕಾಲಿಗೆ ಕಪ್ಪು.
ತಪ್ಪಿದ್ದು ಒಂದೇ ಸಲ. ಆತ ಬದುಕಿದ.
ಪದ್ಮಾಕ್ಷಿ ನನ್ನ ಹೆಸರು. ಇವನ ಬಾಯಲ್ಲಿ
ಕಣ್ಣು ಉದುರಿ 'ಪ್ಯಾಡ್ಮಾ' ಉಳಿದಿದೆ.

'ಪ್ಯಾಡ್ಮಾ, ಇದು?'
'ಹಸಿರು. ಮೈಯುದ್ದ ಕೆಂಪು ಗೆರೆ.'
'ಎಡಗಡೆ ಇಂಡಿಕೇಟರ್. ಇದು?'
'ಹಸಿರೇ. ಗೆರೆ ಬಿಳಿ. ಅಥವಾ ಬೂಷ್ಟು.'

ಅರವತ್ತು ವರ್ಷದ ಎಣ್ಣೆ, ಧೂಳು, ಸಿಗರೇಟು
ಎಲ್ಲ ಬಣ್ಣವನ್ನೂ ಚಹಾ ಮಾಡಿಬಿಟ್ಟಿವೆ.
ಒಂದು ಉಪಾಯ ಕಂಡುಕೊಂಡೆ: ಕ್ಲಿಪ್ಪು ಕಚ್ಚಿದ ಕಡೆ
ಬೆಳಕು ಹೊಕ್ಕಿರುವುದಿಲ್ಲ. ಸರಿಸಿದರೆ,
ಬಿಗಿಬಳೆಯ ಕೆಳಗಿನ ಚರ್ಮದ ಹಾಗೆ,
ಮೊದಲ ದಿನದ ನೇರಳೆ.

ಅದೂ ಇಲ್ಲದಲ್ಲಿ ಮೀಟರು. ಒಂದು ಕಡ್ಡಿ ಈ ತುದಿಗೆ ಸಿಕ್ಕಿಸಿ
ಇನ್ನೊಂದರಿಂದ ಆಚೆಯ ಹದಿನೇಳು ತುದಿಗಳನ್ನು
ಒಂದೊಂದೇ ಮುಟ್ಟುವುದು. ಇಲ್ಲ. ಇಲ್ಲ.
ಇಲ್ಲ. ಟೀ ಕುಡಿದು ಬಂದು ಮತ್ತೆ, ಇಲ್ಲ.
ಪೀಂ.

ಯಾವುದಕ್ಕೂ ಪೀಂ ಅನ್ನದ ಮೂರಕ್ಕೆ
ನಾನು ಕನ್ನಡದಲ್ಲಿ ಚೀಟಿ ಬರೆದೆ:
ಯಾರೋ-೧, ಯಾರೋ-೨, ಯಾರೋ-೩.
ಮೊದಲನೆಯದು ಎಂದೋ ಇದ್ದ ರೇಡಿಯೋದ್ದು.
ಎರಡನೆಯದರ ಇನ್ನೊಂದು ತುದಿಗೆ ಮೂರು ಶನಿವಾರ ತಡಕಾಡಿದೆವು.
ಹುಡುಕುವ ಬಳ್ಳಿ ಕಾಲಿಗೇ ತೊಡರಿತ್ತು:
ಡೆಸ್ಮಂಡ್ ಅದರ ಮೇಲೇ ಸ್ಟೂಲು ಹಾಕಿ ಕೂತಿದ್ದ.

ಮೂರು ನಕ್ಷೆಯಲ್ಲೇ ಇಲ್ಲ.
ಹಳದಿ. ಮನೆಯ ಕರೆಗಂಟೆಗೆ ಎಳೆಯುವ ಜಾತಿ.
ಕಾರ್ಖಾನೆಯದಲ್ಲ, ಯಾರದೋ ಕೈ;
ಗೇಣಿಗೊಂದು ಮೇಣದ ದಾರದ ಗಂಟು, ಒಂದೂ ಓರೆಯಿಲ್ಲ.
ಜಡೆಯನ್ನು ಕಾರಿನೊಳಗೆ ಹಾಸಿ ನೋಡಿದೆವು.
ಮುಂದಿನ ತುದಿ ಸ್ಟಿಯರಿಂಗ್ ಪಕ್ಕದ ಸಣ್ಣ ತೂತಿಗೆ ಮುಟ್ಟುತ್ತದೆ,
ಅದಕ್ಕೆ ಚಿಲ್ಲರೆ ಡಬ್ಬಿಯ ಬಟಾಣಿಬಲ್ಬು ಸರಿಹೋಗುತ್ತದೆ.
ಹಿಂದಿನ ತುದಿ ಬಾಗಿಲ ಹೊಸ್ತಿಲಗುಂಟ ಸಾಗಿ
ಹಿಂಸೀಟಿನ ಬದಿಯ ರೆಕ್ಸಿನ್ನಿಗೆ. ಅಲ್ಲೊಂದು ಒತ್ತುಗುಂಡಿ,
ಐದು ವರ್ಷದ ಮಗುವಿನ ಕೈಗೆ ಎಟುಕುವಷ್ಟು ಕೆಳಗೆ.

'ಕಳ್ಳರ ಅಲಾರಂ,' ಎಂದ ಡೆಸ್ಮಂಡ್.
ಸದ್ದಿಲ್ಲದ ಅಲಾರಮ್ಮೇ?
ಲಾಗ್‌ಬುಕ್ಕಿನಲ್ಲಿ ಎರಡನೇ ಮಾಲೀಕ: ಸಿರಿಲ್ ಥ್ರೆಲ್ಫಾಲ್.
ವಿಳಾಸ, ಕಿವುಡರ ಶಾಲೆಯ ಸಿಬ್ಬಂದಿ ವಸತಿ.
'ಅಲ್ಲಿದ್ದವರೆಲ್ಲ ಕಿವುಡರೇನು?'
ಅಲ್ಲ. ಗೊತ್ತು.
ಆದರೂ ನನಗೆ ಆ ಹಿಂಸೀಟು ಕಾಣುತ್ತದೆ:
ಅಪ್ಪಾ, ಉಚ್ಚೆ ಬಂತು. ಒತ್ತು.
ಅಪ್ಪಾ, ಸಮುದ್ರ! ಒತ್ತು.
ಅಪ್ಪಾ, ಏನಿಲ್ಲ, ಸುಮ್ಮನೆ. ಒತ್ತು, ಒತ್ತು.

ಮಾರ್ಚ್ ಕೊನೆಗೆ ಬ್ಯಾಟರಿ ಕೊಟ್ಟೆವು.
ಅವನು ಸ್ಟಿಯರಿಂಗ್ ಹಿಂದೆ, ನಾನು ಅವನ ಬೆನ್ನಿಗೆ.
ಒತ್ತಿದೆ.
'ಹೊತ್ತಿತು,' ಎಂದ, ತಿರುಗದೆ. 'ಯಾವ ಬಣ್ಣವೋ ಕಾಣೆ.'
ಹೇಳಲಿಲ್ಲ ನಾನು. ಇನ್ನೊಮ್ಮೆ ಒತ್ತಿದೆ.
'ಗೊತ್ತಾಯ್ತು ಮಾರಾಯ್ತಿ,' ಎನ್ನುವ ಹಾಗೆ ಕೈ ಎತ್ತಿದ.

ಹಾರನ್ ಮಾತ್ರ ಇನ್ನೂ ಕೂಗಿಲ್ಲ.
ನೇರಳೆ, ಕಪ್ಪು ಗೆರೆ. ಎಲ್ಲೋ ಕಡಿದಿದೆ.
ಮುಂದಿನ ಶನಿವಾರ ನೋಡಬೇಕು.